ಕೈ ಹಿಡಿಯುವುದು ಬೇರೆ, ಮುಂಗೈ ಹಿಡಿದು ಎಳೆಯುವುದು ಬೇರೆ

ಕೊರಿಯನ್ ಧಾರಾವಾಹಿ ನೋಡುವ ಹುಡುಗಿಯರ ಬಗ್ಗೆ ನಮ್ಮ ಊರುಗಳಲ್ಲಿ ಎರಡು ಮಾತು ಓಡಾಡುತ್ತಿವೆ. ಒಂದು ದೊಡ್ಡವರದು: "ಆ ಬಿಳೀ ಹುಡುಗರ ಮುಖ ನೋಡ್ಕೊಂಡು ನಮ್ಮ ಹುಡುಗೀರು ಕೆಟ್ಟು ಹೋಗ್ತಿದಾರೆ, ಇನ್ನು ಇವರಿಗೆ ಊರಿನ ಗಂಡು ಹಿಡಿಸಲ್ಲ." ಇನ್ನೊಂದು ಓರಗೆಯ ಹುಡುಗರದು: "ಅದೆಲ್ಲ ಬರೀ ಓಳು, ಹಂಗೆ ಪ್ರೀತಿ ಮಾಡೋ ಗಂಡಸು ಎಲ್ಲೂ ಇಲ್ಲ."

ಎರಡೂ ಮಾತು ಇರುವುದು ಹುಡುಗನ ಬಗ್ಗೆಯೇ. ಅವನ ಬಣ್ಣ, ಅವನ ಕೂದಲು, ಅವನ ಕೋಟು, ಅವನ ಕಾರು. ಕಥೆಯಲ್ಲಿ ಒಬ್ಬ ಹೆಣ್ಣೂ ಇದ್ದಾಳೆ. ಅವಳು ಏನು ಕೆಲಸ ಮಾಡುತ್ತಾಳೆ, ಅವಳ ಮನೆಯಲ್ಲಿ ಏನು ಕಷ್ಟ, ಕಥೆ ಮುಗಿದಾಗ ಅವಳು ಏನಾಗಿದ್ದಾಳೆ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ನಾವು ಅವಳ ಬಗ್ಗೆ ಮಾತಾಡುತ್ತೇವೆ. ನಮ್ಮ ವಾದ ಇಷ್ಟು: ಕಳೆದ ಇಪ್ಪತ್ತು ವರ್ಷಗಳಲ್ಲಿ ಕೊರಿಯನ್ ಪ್ರೇಮಕಥೆಗಳ ನಾಯಕಿ ಬದಲಾಗಿದ್ದಾಳೆ. ಅವಳು ಬದಲಾದ ಹಾಗೆ ಪ್ರೀತಿಯ ಅರ್ಥವೂ ಬದಲಾಗಿದೆ. ಮೊದಲು ಗಂಡು ಅವಳ ಮುಂಗೈ ಹಿಡಿದು ಎಳೆದುಕೊಂಡು ಹೋಗುವುದೇ ಪ್ರೀತಿಯಾಗಿತ್ತು. ಒಳ್ಳೆಯ ಧಾರಾವಾಹಿಗಳಲ್ಲಿ ಈಗ ಅವನು ಅವಳ ಕೆಲಸಕ್ಕೆ ಕೈ ಹಾಕಬೇಕು, ಅವಳ ಹೊರೆ ಹೊರಬೇಕು. ಕನ್ನಡದಲ್ಲಿ ಮದುವೆಗೆ 'ಕೈ ಹಿಡಿಯುವುದು' ಎನ್ನುತ್ತೇವೆ. ಕೈ ಹಿಡಿಯುವುದಕ್ಕೂ ಮುಂಗೈ ಹಿಡಿದು ಎಳೆಯುವುದಕ್ಕೂ ಇರುವ ಅಂತರ ತಿಳಿದರೆ ಈ ಧಾರಾವಾಹಿಗಳನ್ನು ಯಾವ ಭಯವೂ ಇಲ್ಲದೆ ನೋಡಬಹುದು. ತಿಳಿಯದಿದ್ದರೆ ಅಪಾಯವೂ ಇದೆ.

ನೋಡದವರಿಗಾಗಿ ಒಂದು ಮಾತು. ಕೊರಿಯನ್ ಧಾರಾವಾಹಿ ಸಾಮಾನ್ಯವಾಗಿ 16 ಕಂತು. ಒಂದೊಂದು ಕಂತು ಒಂದು ಗಂಟೆಯಷ್ಟು, ಕೆಲವು ಇನ್ನೂ ಉದ್ದ. ಟಿವಿಯಲ್ಲಿ ವಾರಕ್ಕೆ ಎರಡರಂತೆ ಬಂದು ಎರಡು ತಿಂಗಳಲ್ಲಿ ಮುಗಿಯುತ್ತದೆ. ನಮ್ಮ ಸಂಜೆಯ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ಕಥೆಗೆ ಒಂದು ಕೊನೆ ಇರುವುದರಿಂದ, ಕೊನೆಯಲ್ಲಿ ನಾಯಕಿ ಎಲ್ಲಿ ನಿಂತಿದ್ದಾಳೆ ಎಂದು ಕೇಳಬಹುದು.

ಹಳೆಯ ಮಾದರಿಯ ನಾಯಕಿಗೆ ಕೊರಿಯಾದವರೇ ಒಂದು ಹೆಸರಿಟ್ಟಿದ್ದಾರೆ: 'ಕ್ಯಾಂಡಿ'. ಜಪಾನಿನ ಹಳೆಯ ಕಾರ್ಟೂನ್ ಕಥೆಯೊಂದರ ಅನಾಥ ಹುಡುಗಿಯ ಹೆಸರದು. ಬಡವಿ, ಕಷ್ಟಜೀವಿ, ಎಷ್ಟು ನೋವಾದರೂ ನಗುತ್ತಲೇ ಇರುವವಳು. ಅವಳ ಎದುರಿಗೆ ದೊಡ್ಡ ಕಂಪನಿಯ ಒಡೆಯನ ಮಗ. ಅವನು ಸಿಡುಕ, ಅಹಂಕಾರಿ. ಅವನ ತಾಯಿ ಒಂದು ಲಕೋಟೆಯಲ್ಲಿ ದುಡ್ಡಿಟ್ಟು "ನನ್ನ ಮಗನನ್ನು ಬಿಟ್ಟು ಹೋಗು" ಎನ್ನುತ್ತಾಳೆ. ಈ ಲಕೋಟೆ ದೃಶ್ಯ ಎಷ್ಟು ಸಲ ಬಂದಿದೆ ಎಂದರೆ, ಈಗಿನ ಧಾರಾವಾಹಿಗಳೇ ಅದನ್ನು ಗೇಲಿ ಮಾಡುತ್ತವೆ.

ಈ ಮಾದರಿಗೆ ದೊಡ್ಡ ಉದಾಹರಣೆ 2009ರ 'ಬಾಯ್ಸ್ ಓವರ್ ಫ್ಲವರ್ಸ್'. ಜಪಾನಿನ ಚಿತ್ರಕಥೆಯೊಂದನ್ನು ಆಧರಿಸಿದ್ದು. ನಾಯಕಿ ಜಾನ್‌ದಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವರ ಮಗಳು, ಒಳ್ಳೆಯ ಈಜುಗಾರ್ತಿ. ಸಿರಿವಂತರ ಶಾಲೆಗೆ ಸೇರುತ್ತಾಳೆ. ಅಲ್ಲಿ ಜುನ್‌ಪ್ಯೋ ಎಂಬ ಕೋಟ್ಯಧೀಶರ ಮಗ ಇಡೀ ಶಾಲೆಯನ್ನು ಅವಳ ಮೇಲೆ ಛೂ ಬಿಡುತ್ತಾನೆ. ಆಮೇಲೆ ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಪ್ರೀತಿ ಹೇಳಿಕೊಳ್ಳುವ ಬದಲು ಆಳುಗಳನ್ನು ಕಳಿಸಿ ಅವಳನ್ನು ಎತ್ತಿಸಿಕೊಂಡು ಬಂದು, ದುಬಾರಿ ಬಟ್ಟೆ ಹಾಕಿಸುತ್ತಾನೆ.

ಈ ಧಾರಾವಾಹಿ ಏಷ್ಯಾದ ಎಷ್ಟೋ ದೇಶಗಳಲ್ಲಿ ಹುಚ್ಚು ಹಿಡಿಸಿತು. ಅದರಲ್ಲಿ ಖುಷಿ ಇಲ್ಲವೆಂದು ನಾವು ಹೇಳುವುದಿಲ್ಲ. ಜಾನ್‌ದಿ ಹೆದರುವವಳಲ್ಲ, ತಿರುಗಿ ಬೀಳುತ್ತಾಳೆ. ಆದರೆ ಒಂದು ಪಾಠ ಅದರ ಜೊತೆಗೇ ಮನೆಯೊಳಗೆ ಬರುತ್ತದೆ: ನಿನಗೆ ಹಿಂಸೆ ಕೊಡುವವನು ಒಳಗೊಳಗೇ ನಿನ್ನನ್ನು ಪ್ರೀತಿಸುತ್ತಾನೆ, ಸ್ವಲ್ಪ ತಾಳಿಕೋ. ನಮ್ಮ ಸಿನಿಮಾಗಳೂ ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಪಾಠವೇ ಇದು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹಿಂದೆ ಬೀಳುವವನನ್ನು "ಪಾಪ, ನಿನ್ನ ಮೇಲೆ ಮನಸ್ಸಿದೆ ಅವನಿಗೆ" ಎಂದು ಸಮರ್ಥಿಸುವವರ ಬಾಯಲ್ಲಿ ಇರುವುದೂ ಇದೇ.

ಆ ಕಾಲದ ಧಾರಾವಾಹಿಗಳಲ್ಲಿ ಮುಂಗೈ ಹಿಡಿದು ಎಳೆಯುವ ದೃಶ್ಯ ಇಲ್ಲದಿದ್ದರೆ ಪ್ರೇಮಕಥೆಯೇ ಅಲ್ಲ ಎಂಬಂತಿತ್ತು. ಹುಡುಗಿ ಯಾರ ಜೊತೆಗೋ ಮಾತಾಡುತ್ತಿರುತ್ತಾಳೆ, ನಾಯಕ ಬಂದು ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗುತ್ತಾನೆ, ಹಿಂದೆ ಹಾಡು. 2010ರ 'ಸೀಕ್ರೆಟ್ ಗಾರ್ಡನ್' ನಾಯಕಿ ಗಿಲ್ ರಾ-ಇಮ್ ಸಿನಿಮಾಗಳಲ್ಲಿ ಸಾಹಸ ಮಾಡುವವಳು, ಬೆಂಕಿಗೆ ಹಾರುವವಳು, ಕತ್ತಿ ಬೀಸುವವಳು. ಅಂಥವಳಿಗೂ ನಾಯಕ ಬಲವಂತದಿಂದ ಮುತ್ತಿಡುತ್ತಾನೆ, ಅದನ್ನೂ ಪ್ರೀತಿ ಎಂದೇ ತೋರಿಸಲಾಯಿತು. ಬರಬರುತ್ತ ಕೊರಿಯಾದ ವೀಕ್ಷಕರೇ ಇದನ್ನು ಪ್ರಶ್ನಿಸತೊಡಗಿದರು: ಇದೇ ಕೆಲಸವನ್ನು ಚೆಂದದ ಮುಖ ಇಲ್ಲದವನು, ದುಡ್ಡಿಲ್ಲದವನು ಮಾಡಿದ್ದರೆ ಏನೆನ್ನುತ್ತಿದ್ದೆವು?

ಆ ಕಾಲದಲ್ಲೂ ಬೇರೆ ದಾರಿ ಇತ್ತು. 2005ರ ಬೇಸಿಗೆಯಲ್ಲಿ ಬಂದ 'ಮೈ ಲವ್ಲಿ ಸಾಮ್ ಸೂನ್' ನೋಡಿ. ನಾಯಕಿ ಕಿಮ್ ಸಾಮ್‌ಸುನ್‌ಗೆ ಮೂವತ್ತು ಹತ್ತಿರ. ದಪ್ಪಗಿದ್ದಾಳೆ, ಬಾಯಿ ಜೋರು, ಕೇಕು ಮಾಡುವುದರಲ್ಲಿ ಪಳಗಿದವಳು, ಪ್ಯಾರಿಸ್‌ಗೆ ಹೋಗಿ ಕಲಿತು ಬಂದವಳು. ಅವಳಿಗೆ ತನ್ನ ಹೆಸರಿನದೇ ದೊಡ್ಡ ಸಂಕಟ. ಮೂರನೇ ಮಗಳಾಗಿ ಹುಟ್ಟಿದ್ದಕ್ಕೆ ಅಜ್ಜ ಇಟ್ಟ ಹಳೇ ಕಾಲದ ಹೆಸರದು, 'ಸಾಮ್' ಎಂದರೆ ಮೂರು. ಹೆಣ್ಣುಮಕ್ಕಳು ಹುಟ್ಟಿದ್ದು ಸಾಕು ಎಂದು ಮಗಳಿಗೆ 'ಸಾಕಮ್ಮ' ಎಂದು ಹೆಸರಿಟ್ಟ ಮನೆಗಳು ನಮ್ಮಲ್ಲೂ ಇದ್ದವಲ್ಲ. ಆ ಸಂಕಟ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಪಾತ್ರಕ್ಕಾಗಿ ನಟಿ ಕಿಮ್ ಸನ್-ಆ ತೂಕ ಹೆಚ್ಚಿಸಿಕೊಂಡರು. ಕೊನೆಯ ಕಂತನ್ನು ಟಿವಿ ಹಚ್ಚಿದ್ದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ನೋಡಿದವು, ವೀಕ್ಷಣೆ ಪ್ರಮಾಣ ಶೇ 50 ದಾಟಿತ್ತು. ಆ ಕೊನೆಯ ಕಂತಿನಲ್ಲೂ ಅವಳ ಮದುವೆ ಆಗಿರುವುದಿಲ್ಲ. ಹುಡುಗನ ತಾಯಿ ಇನ್ನೂ ಒಪ್ಪಿಲ್ಲ. ಪ್ರೀತಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಅವಳು ತನ್ನ ಕೆಲಸ ಮಾಡಿಕೊಂಡು, ತನ್ನನ್ನು ತಾನು ಇಷ್ಟಪಟ್ಟುಕೊಂಡು ಬದುಕುತ್ತಾಳೆ.

ಅದೇ 2005ರಲ್ಲಿ ಕೊರಿಯಾದಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿ 'ಹೋಜು' ಎಂಬ ಕಾನೂನು ಇತ್ತು. ಪ್ರತಿ ಮನೆಗೂ ಗಂಡಸೇ ಯಜಮಾನ. ಹೆಣ್ಣು ಮೊದಲು ಅಪ್ಪನ ಪಟ್ಟಿಯಲ್ಲಿ, ಮದುವೆಯಾದ ಮೇಲೆ ಗಂಡನ ಪಟ್ಟಿಯಲ್ಲಿ. ಗಂಡ ತೀರಿಕೊಂಡರೆ ಎಳೆಯ ಮಗನೂ ಕಾಗದದ ಮೇಲೆ ತಾಯಿಗೆ ಯಜಮಾನನಾಗಬಹುದಿತ್ತು. ಹೆಂಗಸರ ದೀರ್ಘ ಹೋರಾಟದ ನಂತರ 2005ರ ಫೆಬ್ರವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮುಂದಿನ ತಿಂಗಳು ಸಂಸತ್ತು ಅದನ್ನು ರದ್ದು ಮಾಡಿತು, 2008ರ ಜನವರಿ 1ರಿಂದ ಅದು ಪೂರ್ತಿ ಹೋಯಿತು. ಧಾರಾವಾಹಿಯಿಂದ ಕಾನೂನು ಬದಲಾಯಿತು ಎಂದು ನಾವು ಹೇಳುತ್ತಿಲ್ಲ. ಒಂದೇ ವರ್ಷದಲ್ಲಿ, ಒಂದೇ ದೇಶದಲ್ಲಿ, ತನ್ನ ಹೆಸರು ತನ್ನದೇ ಆಗಬೇಕು ಎಂದು ಕೇಳುವ ಹೆಣ್ಣು ಕೋರ್ಟಿನಲ್ಲೂ ಇದ್ದಳು, ಟಿವಿಯಲ್ಲೂ ಇದ್ದಳು.

ಇನ್ನೊಂದು ವಿಷಯ ಗೊತ್ತಿರಬೇಕು. ಕೊರಿಯನ್ ಧಾರಾವಾಹಿಗಳಲ್ಲಿ ನಿರ್ದೇಶಕರಷ್ಟೇ, ಕೆಲವು ಸಲ ಅವರಿಗಿಂತ ಹೆಚ್ಚು ಹೆಸರು ಬರಹಗಾರರಿಗೆ. ಆ ಬರಹಗಾರರಲ್ಲಿ ಹೆಂಗಸರೇ ಹೆಚ್ಚು. ಕಿಮ್ ಉನ್-ಸುಕ್, ಪಾರ್ಕ್ ಜಿ-ಉನ್, ನೋ ಹೀ-ಕ್ಯುಂಗ್ ಇವರೆಲ್ಲ ಮನೆಮಾತಾದವರು. ಮುಂಗೈ ಎಳೆಯುವ ದೃಶ್ಯಗಳನ್ನು ಬರೆದವರಲ್ಲೂ ಹೆಂಗಸರಿದ್ದರು ಎಂಬುದನ್ನು ಮುಚ್ಚಿಡಬೇಕಿಲ್ಲ. 'ಸೀಕ್ರೆಟ್ ಗಾರ್ಡನ್' ಬರೆದದ್ದು ಕಿಮ್ ಉನ್-ಸುಕ್ ಅವರೇ. ಹೆಂಗಸು ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಕಾಲ ಬದಲಾಗಬೇಕು, ನೋಡುವವರು ಕೇಳಬೇಕು.

ಕೇಳುವ ಕಾಲ ಬಂದದ್ದು 2018ರಲ್ಲಿ. ಆ ವರ್ಷದ ಜನವರಿಯಲ್ಲಿ ಸಿಯೋ ಜಿ-ಹ್ಯುನ್ ಎಂಬ ಸರ್ಕಾರಿ ಪ್ರಾಸಿಕ್ಯೂಟರ್ ಟಿವಿ ಸುದ್ದಿಯಲ್ಲಿ ಕೂತು, ಹಿರಿಯ ಅಧಿಕಾರಿಯೊಬ್ಬರಿಂದ ತನಗಾದ ಕಿರುಕುಳವನ್ನು ಹೇಳಿದರು. ಕೊರಿಯಾದ 'ಮೀಟೂ' ಹೊತ್ತಿಕೊಂಡದ್ದು ಅಲ್ಲಿಂದ. ಎರಡು ತಿಂಗಳಾದ ಮೇಲೆ ಅದೇ ಚಾನೆಲ್‌ನಲ್ಲಿ 'ಸಮ್‌ಥಿಂಗ್ ಇನ್ ದ ರೇನ್' ಶುರುವಾಯಿತು. ಮೂವತ್ತೈದರ ಹೆಣ್ಣು, ತನಗಿಂತ ಚಿಕ್ಕವನ ಜೊತೆ ಪ್ರೀತಿ. ಜನ ನೋಡಿದ್ದು ಆ ಪ್ರೀತಿಗಾಗಿ. ಆದರೆ ಕಥೆಯ ಇನ್ನರ್ಧ ಅವಳ ಆಫೀಸಿನಲ್ಲಿದೆ. ಕೆಲಸ ಮುಗಿದ ಮೇಲೆ ಮೇಲಧಿಕಾರಿಗಳ ಜೊತೆ ಕುಡಿಯಲು ಕೂರಬೇಕು, ಮಾಂಸ ಸುಟ್ಟು ಬಡಿಸಬೇಕು, ಮೈ ಮುಟ್ಟಿದರೂ ನಗಬೇಕು. ಅವಳು ವರ್ಷಗಟ್ಟಲೆ ನಕ್ಕವಳು. ತನ್ನನ್ನು ಒಬ್ಬ ಗೌರವದಿಂದ ಪ್ರೀತಿಸಿದ ಮೇಲೆ ಅವಳಿಗೆ ಅನಿಸುತ್ತದೆ, ತಾನು ಇಷ್ಟು ಅಗ್ಗವಲ್ಲ ಎಂದು. ಆಗ "ಆಗಲ್ಲ" ಎನ್ನುತ್ತಾಳೆ. ಅದರ ಬೆಲೆಯನ್ನೂ ಕೊಡುತ್ತಾಳೆ.

ಮುಂದಿನ ವರ್ಷ, 2019ರಲ್ಲಿ, 'ವೆನ್ ದ ಕಮೇಲಿಯಾ ಬ್ಲೂಮ್ಸ್' ಬಂತು. ಹಳ್ಳಿಯವರಾದ ನಮಗೆ ಇದು ಹತ್ತಿರದ್ದು, ಯಾಕೆಂದರೆ ಇದು ಸಣ್ಣ ಊರಿನ ಕಥೆ. ಒಂಗ್ಸಾನ್ ಎಂಬ ಕಟ್ಟುಕಥೆಯ ಊರು, ಸಮುದ್ರದ ಬದಿ, ಏಡಿ ಅಡುಗೆ ಮಾರುವ ಹೆಂಗಸರ ಒಂದು ಬೀದಿ. ಅಲ್ಲಿಗೆ ದೊಂಗ್‌ಬೆಕ್ ಎಂಬ ಹೆಣ್ಣು ಕೈಗೂಸಿನೊಂದಿಗೆ ಬಂದು ಊಟ, ಮದ್ಯದ ಅಂಗಡಿ ಇಡುತ್ತಾಳೆ. ಗಂಡ ಯಾರು ಎಂದರೆ ಇಲ್ಲ ಎನ್ನುತ್ತಾಳೆ. ಇನ್ನು ಊರು ಸುಮ್ಮನಿರುತ್ತದೆಯೇ? ಹೆಂಗಸರು ಕೆಂಡ ಕಾರುತ್ತಾರೆ, ಗಂಡಸರು ಹಲ್ಲು ಕಿರಿಯುತ್ತಾರೆ.

ಮೊದಲ ಕಂತುಗಳಲ್ಲೇ ಒಂದು ದೃಶ್ಯವಿದೆ. ಅಂಗಡಿಯ ಕಟ್ಟಡದ ಮಾಲೀಕ ಕುಡಿದು ಬಂದು ಅವಳ ಮುಂಗೈ ಹಿಡಿಯುತ್ತಾನೆ. ಅವಳು ಕೂಗಾಡುವುದಿಲ್ಲ. ತನ್ನ ಅಂಗಡಿಯ ತಿನಿಸುಗಳ ಬೆಲೆಯನ್ನು ಒಂದೊಂದಾಗಿ ಹೇಳಿ, ಇದರಲ್ಲಿ ನನ್ನ ಮುಂಗೈಯ ಬೆಲೆಯೂ ನನ್ನ ನಗುವಿನ ಬೆಲೆಯೂ ಸೇರಿಲ್ಲ ಎಂಬರ್ಥದ ಮಾತು ಹೇಳುತ್ತಾಳೆ. ಹತ್ತು ವರ್ಷಗಳ ಹಿಂದೆ ನಾಯಕನ ಪ್ರೀತಿಯ ಗುರುತಾಗಿದ್ದ ಆ ಮುಂಗೈ ಇಲ್ಲಿ ಅವಳ ಸ್ವತ್ತಾಯಿತು. ಅವಳನ್ನು ಪ್ರೀತಿಸುವ ಊರಿನ ಪೊಲೀಸ್ ಯೊಂಗ್‌ಶಿಕ್ ಆ ಮಾತು ಕೇಳಿಯೇ ಅವಳಿಗೆ ಮರುಳಾಗುತ್ತಾನೆ.

ಯೊಂಗ್‌ಶಿಕ್ ಸಿರಿವಂತನಲ್ಲ, ಜಾಣನೂ ಅಲ್ಲ. ಅವನು ಮಾಡುವುದು ಒಂದೇ ಕೆಲಸ: ನೀನು ಧೈರ್ಯವಂತೆ, ನೀನು ಒಳ್ಳೆಯ ತಾಯಿ ಎಂದು ಊರೆಲ್ಲ ಕೇಳುವಂತೆ ಹೇಳುತ್ತಲೇ ಇರುತ್ತಾನೆ. ಕಥೆಯಲ್ಲಿ ಒಬ್ಬ ಕೊಲೆಗಾರ ಇದ್ದಾನೆ. ಕೊನೆಗೆ ಅವನ ತಲೆಗೆ ಬಿಯರ್ ಮಗ್ಗಿನಿಂದ ಬಾರಿಸುವುದು ದೊಂಗ್‌ಬೆಕ್‌ಳೇ. ಮೊದಲು ಕೆಂಡ ಕಾರಿದ ಬೀದಿಯ ಹೆಂಗಸರೇ ಅವಳ ಕಾವಲಿಗೆ ನಿಲ್ಲುತ್ತಾರೆ. 2020ರಲ್ಲಿ ಕೊರಿಯಾದ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ ಟಿವಿ ವಿಭಾಗದ ಅತಿ ದೊಡ್ಡ ಗೌರವ ಇದಕ್ಕೇ ಬಂತು.

ಇದೇ ಬರಹಗಾರ್ತಿ, ಲಿಮ್ ಸಾಂಗ್-ಚುನ್ ಎಂಬ ಕಾವ್ಯನಾಮದವರು, 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರಿನ್ಸ್' ಬರೆದರು. ಜೆಜು ದ್ವೀಪದ ಕಥೆ. ಅಲ್ಲಿನ ಹೆಂಗಸರು ಉಸಿರು ಬಿಗಿಹಿಡಿದು ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ಜೀವಿಗಳನ್ನು ಕಿತ್ತು ತರುತ್ತಾರೆ. ಅವರಿಗೆ 'ಹೆನ್ಯೊ' ಎನ್ನುತ್ತಾರೆ. ನಾಯಕಿ ಎಸುನ್‌ಳ ತಾಯಿ ಹೆನ್ಯೊ, 29ಕ್ಕೇ ಸಾಯುತ್ತಾಳೆ. ಮಗಳು ಮಾತ್ರ ನೀರಿಗಿಳಿಯಬಾರದು ಎಂಬುದು ಅವಳ ಹಟ. ಎಸುನ್‌ಗೆ ಕವಿಯಾಗುವ ಆಸೆ. ಶಾಲೆಯಲ್ಲಿ ಮತ ಹೆಚ್ಚು ಬಂದರೂ ಸಿರಿವಂತನ ಮಗ ನಾಯಕ, ಇವಳು ಉಪನಾಯಕಿ.

ಅವಳನ್ನು ಚಿಕ್ಕಂದಿನಿಂದ ಪ್ರೀತಿಸುವವನು ಗ್ವಾನ್‌ಶಿಕ್. ಮಾತು ಕಡಿಮೆ. ಅವಳು ಸಂತೆಯಲ್ಲಿ ಎಲೆಕೋಸಿನ ಮುಂದೆ ಕೂತು ಪುಸ್ತಕ ಓದುತ್ತಿದ್ದರೆ, ಕೂಗಿ ಮಾರುವವನು ಅವನು. ಮದುವೆಯಾದ ಮೇಲೆ ಅವನ ಮನೆಯಲ್ಲಿ ಗಂಡಸರಿಗೆ ಒಂದು ಊಟದ ಮಣೆ, ಹೆಂಗಸರಿಗೆ ಮೂಲೆಯಲ್ಲಿ ಇನ್ನೊಂದು. ಒಂದು ದಿನ ಅವನು ಗಂಡಸರ ಮಣೆಗೆ ಬೆನ್ನು ತಿರುಗಿಸಿ, ಹೆಂಡತಿಯ ಕಡೆ ಮುಖ ಮಾಡಿ ಉಣ್ಣತೊಡಗುತ್ತಾನೆ. ಇಷ್ಟೇ. ಭಾಷಣ ಇಲ್ಲ, ಜಗಳ ಇಲ್ಲ. ನಮ್ಮ ಮನೆಗಳಲ್ಲಿ ಗಂಡಸರೆಲ್ಲ ಎದ್ದ ಮೇಲೆ ತಳ ಹತ್ತಿದ ಪಾತ್ರೆ ಮುಂದೆ ಕೂತು ಉಣ್ಣುವ ಹೆಂಗಸರಿಗೆ ಆ ದೃಶ್ಯ ಯಾಕೆ ತಟ್ಟುತ್ತದೆ ಎಂದು ಹೇಳಬೇಕೇ?

ಎಸುನ್ ಕೊನೆಗೆ ಏನಾಗುತ್ತಾಳೆ? ಊರಿನ ಮೀನುಗಾರರ ಸಂಘದ ಚುನಾವಣೆಗೆ ನಿಂತು ಗೆಲ್ಲುತ್ತಾಳೆ. ವಯಸ್ಸಾದ ಮೇಲೆ ಅವಳ ಕವನಗಳು ಪುಸ್ತಕವಾಗುತ್ತವೆ. ಅವಳ ಮಗಳು ಗಮ್‌ಮ್ಯೊಂಗ್, ಅತ್ತೆಯಾಗಬೇಕಿದ್ದವಳು ತನ್ನ ತಂದೆ ತಾಯಿಯನ್ನು ಕೀಳಾಗಿ ಕಂಡಾಗ, ಇಷ್ಟಪಟ್ಟ ಹುಡುಗನನ್ನೇ ಬಿಡುತ್ತಾಳೆ. ಹಳೆಯ ಕಥೆಯಾಗಿದ್ದರೆ ಆ ಹುಡುಗ ಕಾರಿನಲ್ಲಿ ಅಟ್ಟಿಸಿಕೊಂಡು ಬಂದು ಮುಂಗೈ ಹಿಡಿಯುತ್ತಿದ್ದ, ಅವಳು ಕರಗುತ್ತಿದ್ದಳು.

ಅಡುಗೆಮನೆಯ ಲೆಕ್ಕ ಬೇರೆ ಧಾರಾವಾಹಿಗಳಲ್ಲೂ ಬಂದಿದೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆ ಕೊರಿಯಾದಲ್ಲೂ ಇದೆ. ಅಲ್ಲೂ ಅಡುಗೆ ಸೊಸೆಯಂದಿರದು, ನಮಸ್ಕಾರ ಗಂಡಸರದು. 2017ರ 'ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್' ಧಾರಾವಾಹಿಯಲ್ಲಿ ಹೆಂಡತಿ ಅತ್ತೆಮನೆಯ ಎಡೆಗೆ ದುಡಿದು ಬಂದದ್ದಕ್ಕೆ ಪ್ರತಿಯಾಗಿ ಗಂಡ ಅವಳ ತವರಿಗೆ ಹೋಗಿ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕುವ ಕೆಲಸ ಮಾಡುತ್ತಾನೆ. 2024ರ 'ಕ್ವೀನ್ ಆಫ್ ಟಿಯರ್ಸ್' ಮೊದಲ ಕಂತಿನಲ್ಲಿ ಸಿರಿವಂತ ಮನೆತನದ ಅಳಿಯಂದಿರೆಲ್ಲ ಒಲೆ ಮುಂದೆ ನಿಂತು ಹೆಂಡತಿ ಕಡೆಯ ಹಿರಿಯರಿಗೆ ಎಡೆ ಬೇಯಿಸುತ್ತ ಗೊಣಗುತ್ತಾರೆ. ನೋಡಿದರೆ ನಗು ಬರುತ್ತದೆ. ಅದೇ ಕೆಲಸವನ್ನು ಸೊಸೆ ಮಾಡುವಾಗ ಯಾಕೆ ನಗು ಬರುವುದಿಲ್ಲ?

ಈಗ ಹುಡುಗರ ಮಾತಿಗೆ ಬರೋಣ. "ಅದೆಲ್ಲ ಓಳು." ನಿಜ, ಅರ್ಧ ನಿಜ. ಕೊರಿಯಾದಲ್ಲಿ ಗ್ವಾನ್‌ಶಿಕ್‌ಗಳು ಬೀದಿಗೊಬ್ಬರು ಸಿಗುವುದಿಲ್ಲ. ಮುಂದುವರಿದ ದೇಶಗಳ ಗುಂಪಿನಲ್ಲಿ ಗಂಡು ಹೆಣ್ಣಿನ ಸಂಬಳದ ಅಂತರ ಅತಿ ಹೆಚ್ಚಿರುವುದು ಅಲ್ಲೇ. ಗಂಡಸಿಗೆ 100 ಸಿಕ್ಕರೆ ಹೆಂಗಸಿಗೆ ಸುಮಾರು 70. ಮದುವೆ, ಹೆರಿಗೆ ಆದಮೇಲೆ ಕೆಲಸ ಬಿಡಬೇಕಾಗಿ ಬರುವವರು ಬಹಳ. 2023ರಲ್ಲಿ ಅಲ್ಲಿನ ಜನನ ಪ್ರಮಾಣ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗುವಿಗೆ ಇಳಿಯಿತು, ಜಗತ್ತಿನಲ್ಲೇ ಅತಿ ಕಡಿಮೆ. ಮನೆ ಬಾಡಿಗೆ, ಮಕ್ಕಳ ಓದಿನ ಖರ್ಚು ಹೀಗೆ ಇದಕ್ಕೆ ಕಾರಣ ಹಲವು. ಮನೆಗೆಲಸ, ಮಗು, ಎಡೆ ಎಲ್ಲವೂ ತನ್ನ ಹೆಗಲಿಗೇ ಬೀಳುತ್ತದೆ ಎಂಬ ಹೆಂಗಸರ ಲೆಕ್ಕವೂ ಅದರಲ್ಲಿ ಒಂದು.

ಅಂದರೆ ಈ ಧಾರಾವಾಹಿಗಳು ಕೊರಿಯಾದ ವರದಿಯಲ್ಲ. ಅಲ್ಲಿನ ಹೆಂಗಸರ ಅರ್ಜಿ. ಇಲ್ಲದ್ದನ್ನು ಬೇಕು ಎಂದು ಬರೆದದ್ದು. ಹಾಗೆ ನೋಡಿದರೆ ನಮ್ಮ ಹುಡುಗಿಯರು ಅದನ್ನು ಯಾಕೆ ಅಷ್ಟು ಆಸೆಯಿಂದ ನೋಡುತ್ತಾರೆ ಎಂಬುದೂ ಅರ್ಥವಾಗುತ್ತದೆ. ಕಥೆಯ ದೇಶ ಬೇರೆ, ಅರ್ಜಿ ಒಂದೇ.

ಈ ಧಾರಾವಾಹಿಗಳಲ್ಲಿ ಕೊರತೆ ಇನ್ನೂ ಉಂಟು. ಸಾಮ್‌ಸುನ್ ನಂತರವೂ ನಾಯಕಿಯರು ಹೆಚ್ಚಾಗಿ ತೆಳ್ಳಗೆ, ಬೆಳ್ಳಗೆ. ಆ ಮೈಬಣ್ಣ ನೋಡಿ ನಮ್ಮ ಹುಡುಗಿಯರು ಅಂಗಡಿಯ ಬಿಳಿ ಮಾಡುವ ಕ್ರೀಮಿಗೆ ದುಡ್ಡು ಸುರಿದರೆ ನಷ್ಟ ಅವರದೇ. ಸಿರಿವಂತ ಹುಡುಗ, ಸಿಡುಕಿನ ಪ್ರೀತಿ ಈಗಲೂ ಬರುತ್ತಿವೆ. ಹಳೆಯವು ಫೋನಿನಲ್ಲಿ ಹಾಗೇ ಸಿಗುತ್ತವೆ. ಹೊಸದು ಹಳೆಯದು ಎಂದು ಫೋನು ಬೇರೆ ಮಾಡಿ ಕೊಡುವುದಿಲ್ಲ. ಬೇರೆ ಮಾಡಬೇಕಾದವರು ನಾವೇ.

ಅದಕ್ಕೆ ಎರಡು ಪ್ರಶ್ನೆ ಸಾಕು ಎಂದು ನಮಗನಿಸುತ್ತದೆ. ಕೊನೆಯ ಕಂತಿನಲ್ಲಿ ಅವಳಿಗೆ ತನ್ನದೇ ಆದ ಕೆಲಸ, ತನ್ನದೇ ಆದ ಮಾತು ಉಳಿದಿದೆಯೇ? ಅವಳು "ಬೇಡ" ಎಂದಾಗ ಅವನು ನಿಂತನೇ?

ಮಗಳ ಕೈಯಿಂದ ಫೋನು ಕಿತ್ತುಕೊಳ್ಳುವ ತಾಯಂದಿರಿಗೆ ನಮ್ಮದೊಂದು ಮನವಿ. ಒಂದು ಸಂಜೆ ಅವಳ ಜೊತೆ ಕೂತು ದೊಂಗ್‌ಬೆಕ್‌ಳ ಕಥೆಯನ್ನೋ ಎಸುನ್‌ಳ ಕಥೆಯನ್ನೋ ನೋಡಿ. ಮಾತು ಅರ್ಥವಾಗದಿದ್ದರೆ ಮಗಳು ಹೇಳುತ್ತಾಳೆ. "ಇವನು ಹಿಂಗೆ ಮಾಡಿದ್ದು ಸರಿಯಾ?" ಎಂದು ಅವಳನ್ನೇ ಕೇಳಿ. ಬಸ್ಸಿನಲ್ಲಿ ಹಿಂದೆ ಬೀಳುವವನ ಬಗ್ಗೆ ನಿಮ್ಮ ಹತ್ತಿರ ಹೇಳಲು ಹೆದರುತ್ತಿದ್ದವಳು ಆಗ ಬಾಯಿ ಬಿಡಬಹುದು. ಫೋನು ಕಿತ್ತುಕೊಂಡರೆ ಆ ಮಾತು ಎಂದೂ ನಿಮ್ಮ ಕಿವಿಗೆ ಬೀಳುವುದಿಲ್ಲ.

ಹುಡುಗರಿಗೂ ಒಂದು ಮಾತು. ನಿಮ್ಮ ಊರಿನ ಹುಡುಗಿಯರು ಕೇಳುತ್ತಿರುವುದು ಕಾರು, ಕೋಟು, ಬಿಳಿ ಬಣ್ಣ ಎಂದುಕೊಂಡು ಸಿಟ್ಟಾಗಬೇಡಿ. ಗ್ವಾನ್‌ಶಿಕ್ ಮೀನು ಹಿಡಿಯುವವನು, ಯೊಂಗ್‌ಶಿಕ್ ಸಣ್ಣ ಊರಿನ ಪೊಲೀಸ್. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎಲ್ಲಿ ಕೂತಿದ್ದಾರೆ, ಅವರಿಗೆ ಪಲ್ಯ ಉಳಿದಿದೆಯೇ ಎಂದು ಒಮ್ಮೆ ತಿರುಗಿ ನೋಡಿ. ಅದಕ್ಕೆ ದುಡ್ಡು ಬೇಕಾಗಿಲ್ಲ.